ಬಿರುಗಾಳಿಯ ಮುನ್ಸೂಚನೆ: ಉತ್ಪ್ರೇಕ್ಷೆಯೋ, ಅತಿಶಯೋಕ್ತಿಯೋ?

2020ನೆಯ ಇಸವಿಯ ಜೂನ್ 3ರ ಮಧ್ಯಾಹ್ನ ಮುಂಬಯಿ ನಗರದ ಲಕ್ಷಾಂತರ ಜನ ಕಿಟಕಿಗಳಿಗೆ ಅಗುಳಿ ಹಾಕಿಕೊಂಡು, ದೂರದರ್ಶನದ ಮುಂದೆ ಕುಳಿತು, ಎರಡು ದಿನಗಳಿಂದ ಎಡೆಬಿಡದೆ ಸಾರಲ್ಪಡುತ್ತಿದ್ದ ‘ನಿಸರ್ಗ’ವೆಂಬ ಚಂಡಮಾರುತದ ಆಗಮನವನ್ನು ನಿರೀಕ್ಷಿಸುತ್ತಿದ್ದರು. ನೂರು ವರ್ಷಗಳಿಗೂ ಮೇಲ್ಪಟ್ಟು ಆ ನಗರ ಕಂಡರಿಯದ ಉತ್ಪಾತ ಒದಗಲಿದೆಯೆಂದು ವಾರ್ತೆಗಳು ಹೇಳುತ್ತಿದ್ದವು. 1882ರಲ್ಲಿ ಇಂಥದೇ ಒಂದು ಗಾಳಿಗೆ ಸಿಕ್ಕಿ ಅಲ್ಲಿ ಲಕ್ಷ ಮಂದಿ ಮಡಿದರೆಂಬ ವೃತ್ತಾಂತವನ್ನೂ ಕೆಲವರು ಹುಡುಕಿ ತಂದಿದ್ದರು. ಸಂಜೆಯಾಯಿತು. ಕೆಲವು ಮರಗಳು ಉರುಳಿದ್ದವು, ಮಳೆ ಬಂದಿತ್ತು, ಅಷ್ಟೆ. ನಗರವಾಸಿಗಳು ಕಿಟಕಿ ತೆರೆದು, ಗುಡ್ಡ ಅಗೆದು ಇಲಿ ಹಿಡಿದರೆಂದು ನಕ್ಕರು. ಅದೇ ಮಧ್ಯಾಹ್ನ, ಆ ನಗರಕ್ಕೆ ಅನತಿದೂರದಲ್ಲಿ, ಅಲಿಬಾಗದ ದಕ್ಷಿಣಕ್ಕೆ, ಗಂಟೆಗೆ 100ರಿಂದ 120 ಕಿಲೋಮೀಟರು ವೇಗದ ಗಾಳಿ ದಡವನ್ನು ದಾಟಿ ರಾಯಗಢ ಜಿಲ್ಲೆಯ ಮುರುಡ, ಶ್ರೀವರ್ಧನಗಳ ಮೇಲೂ ರತ್ನಾಗಿರಿಯ ದಾಪೋಲಿಯ ಮೇಲೂ ಹಾದು, ಮನೆಗಳ ಮಾಡು ಕಿತ್ತು, ವಿದ್ಯುತ್ ಕಂಬಗಳನ್ನು ಮಲಗಿಸಿ, ತಲೆಮಾರುಗಳಿಂದ ಸಾಕಿ ಬೆಳೆಸಿದ್ದ ತೆಂಗು ಕಂಗುಗಳ ತೋಟಗಳನ್ನು ನೆಲಕ್ಕೆ ಒರಗಿಸಿಬಿಟ್ಟಿತ್ತು. ಅಡಕೆಯ ತೋಟವೊಂದು ಬುಡಸಮೇತ ಹೋದರೆ ಅದು ಎಷ್ಟು ವರ್ಷಗಳ ಮಾತೆಂಬುದನ್ನು ಶಿರಸಿಯವರಿಗಾಗಲಿ ತೀರ್ಥಹಳ್ಳಿಯವರಿಗಾಗಲಿ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಆ ಮುನ್ಸೂಚನೆ ಅತಿಯಾದುದೋ ಅಲ್ಲವೋ? ಮುಂಬಯಿಯ ಕಿಟಕಿಯಿಂದ ನೋಡಿದವನು ಒಂದು ಉತ್ತರ ಕೊಟ್ಟಾನು, ಶ್ರೀವರ್ಧನದ ತೋಟದ ಬೇಲಿಯ ಬಳಿ ನಿಂತವನು ಇನ್ನೊಂದು ಉತ್ತರ ಕೊಟ್ಟಾನು. ಆದರೆ ಪತ್ರಿಕೆ ಓದುವವರೂ ಅಭಿಪ್ರಾಯ ಬರೆಯುವವರೂ ಹೆಚ್ಚಾಗಿ ಕಿಟಕಿಯ ಬಳಿಯವರೇ ಆದುದರಿಂದ, ‘ಬಿರುಗಾಳಿಯ ಸುದ್ದಿಯೆಲ್ಲ ಬರಿಯ ಗುಲ್ಲು’ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ಆ 1882ರ ವೃತ್ತಾಂತವಂತೂ ಶುದ್ಧ ಕಟ್ಟುಕಥೆ. ಆ ಕಾಲದ ದಾಖಲೆಗಳಲ್ಲಿ ಅಂಥ ಮಹಾಪ್ರಳಯದ ಕುರುಹೇ ಇಲ್ಲವೆಂದು ಹುಡುಕಿದವರು ಹೇಳಿದ್ದಾರೆ. ಬರಲಿರುವ ಗಾಳಿಯನ್ನು ದೊಡ್ಡದು ಮಾಡುವುದಷ್ಟೇ ಅಲ್ಲ, ಬಾರದೆ ಹೋದ ಗಾಳಿಯನ್ನೂ ಬಂದದ್ದಾಗಿ ಮಾಡುವ ಸಾಮರ್ಥ್ಯ ಸುದ್ದಿಗೆ ಉಂಟು.

ಇಲ್ಲಿ ಒಂದು ಶಬ್ದದ ವಿಚಾರವನ್ನು ಎತ್ತಿಕೊಳ್ಳುವುದು ಅಪ್ರಸ್ತುತವಾಗಲಾರದು. ಇಂದಿನ ಕನ್ನಡದಲ್ಲಿ ‘ಉತ್ಪ್ರೇಕ್ಷೆ’ಯೆಂದರೆ ಇದ್ದುದನ್ನು ಮೀರಿ ಹೇಳುವುದು ಎಂದಷ್ಟೇ ಅರ್ಥ. ಆದರೆ ನಮ್ಮ ಅಲಂಕಾರಶಾಸ್ತ್ರಜ್ಞರ ಕೈಯಲ್ಲಿ ಅದಕ್ಕೆ ಸೂಕ್ಷ್ಮವಾದ ಬೇರೊಂದು ಅರ್ಥವಿತ್ತು: ಒಂದು ವಸ್ತುವನ್ನು ಮತ್ತೊಂದಾಗಿ ಸಂಭಾವಿಸುವುದು, ‘ಹೀಗೋ ಎಂಬಂತೆ’ ಎಂದು ಹೇಳುವುದು, ಅದು ಉತ್ಪ್ರೇಕ್ಷೆ; ಆ ‘ಎಂಬಂತೆ’ಯನ್ನು ಕಿತ್ತುಹಾಕಿ, ಸಂಭಾವಿಸಿದ್ದನ್ನೇ ನಿಶ್ಚಯವೆಂದು ನುಡಿಯುವುದು ಅತಿಶಯೋಕ್ತಿ. ಈ ಭೇದವನ್ನು ನೆನಪಿನಲ್ಲಿಟ್ಟು ನೋಡಿದರೆ, ಹವಾಮಾನಶಾಸ್ತ್ರಜ್ಞನು ಮಾಡುವುದು ಹಳೆಯ ಅರ್ಥದ ಉತ್ಪ್ರೇಕ್ಷೆಯೇ ಆಗಿದೆ. ಸಾಗರದ ಮೇಲೆ ಸುತ್ತುತ್ತಿರುವ ಮೋಡಗಳ ಚಿತ್ರವನ್ನು ಮುಂದಿಟ್ಟುಕೊಂಡು ಅವನು ಸಂಭವನೀಯತೆಯನ್ನು ಎಣಿಸುತ್ತಾನೆ, ‘ಇಂಥ ತೀರದ ಇಂಥ ಎಡೆಯಲ್ಲಿ, ಇಷ್ಟು ಹೊತ್ತಿನೊಳಗೆ, ಬಹುಶಃ’ ಎನ್ನುತ್ತಾನೆ. ವಾರ್ತಾಪ್ರಸಾರದ ಕೋಣೆಗೆ ಬರುವ ಹೊತ್ತಿಗೆ ಆ ‘ಬಹುಶಃ’ ಉದುರಿಹೋಗಿರುತ್ತದೆ. ಗಾಳಿ ಬಾರದೆ ಹೋದಾಗ ಜನ ದೂರುವುದು ಮಾತ್ರ ಅದನ್ನು ಉದುರಿಸಿದವರನ್ನಲ್ಲ, ಮೊದಲು ನುಡಿದವನನ್ನು.

ಈ ದೂರು ಹೊಸದೇನೂ ಅಲ್ಲ, ಮುನ್ಸೂಚನೆಯಷ್ಟೇ ಹಳೆಯದು. 1859ರ ಅಕ್ಟೋಬರಿನಲ್ಲಿ ‘ರಾಯಲ್ ಚಾರ್ಟರ್’ ಎಂಬ ಹಡಗು ವೇಲ್ಸಿನ ಆಂಗ್ಲ್‌ಸಿ ದ್ವೀಪದ ಬಂಡೆಗಳಿಗೆ ಬಡಿದು ನಾನೂರಕ್ಕೂ ಹೆಚ್ಚು ಮಂದಿ ಜಲಸಮಾಧಿಯಾದ ಮೇಲೆ, ಹಿಂದೆ ಡಾರ್ವಿನ್ನನನ್ನು ‘ಬೀಗಲ್’ ನೌಕೆಯಲ್ಲಿ ಲೋಕ ಸುತ್ತಿಸಿದ್ದ ರಾಬರ್ಟ್ ಫಿಟ್ಜ್‌ರಾಯ್ ಎಂಬ ನಾವಿಕ ಮಹನೀಯನು ತಂತಿಯ ಮೂಲಕ ತೀರದ ಊರುಗಳ ಗಾಳಿಯ ಸಮಾಚಾರವನ್ನು ತರಿಸಿಕೊಂಡು, 1861ರಿಂದ ಬಂದರುಗಳಲ್ಲಿ ಶಂಕುವಿನ ಆಕಾರದ ಗುರುತುಗಳನ್ನು ಕಂಬಕ್ಕೇರಿಸುವ ಏರ್ಪಾಡನ್ನು ಮಾಡಿದನು. ಅದೇ ವರ್ಷದ ಆಗಸ್ಟಿನಲ್ಲಿ ‘ಟೈಮ್ಸ್’ ಪತ್ರಿಕೆಯಲ್ಲಿ ಅವನ ಹವೆಯ ಮುನ್ಸೂಚನೆ ಪ್ರಕಟವಾಗತೊಡಗಿತು. ತಪ್ಪಿದ ದಿನಗಳಲ್ಲಿ ಪತ್ರಿಕೆಗಳೇ ಪರಿಹಾಸ ಮಾಡಿದವು. ಗುರುತು ಏರಿದ ದಿನ ದೋಣಿಗಳು ಕಡಲಿಗಿಳಿಯದೆ ನಷ್ಟವಾಗುತ್ತಿದೆಯೆಂದು ಮೀನುಗಾರಿಕೆಯ ಒಡೆಯರು ಸಿಡಿಮಿಡಿಗೊಂಡರು. 1865ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ವಿದ್ವಾಂಸರ ಸಮಿತಿಯೊಂದು ಕುಳಿತು, ಈ ಸೂಚನೆಗಳಿಗೆ ಶಾಸ್ತ್ರಾಧಾರ ಸಾಲದೆಂದು ತೀರ್ಮಾನಿಸಿ, 1866ರಲ್ಲಿ ಅವುಗಳನ್ನು ನಿಲ್ಲಿಸಿತು. ಅವು ಬೇಕೇಬೇಕೆಂದು ಹಟ ಹಿಡಿದು, ಕೆಲವೇ ಕಾಲದಲ್ಲಿ ಮರಳಿ ಆರಂಭಿಸುವಂತೆ ಮಾಡಿದವರು ವಿದ್ವಾಂಸರಲ್ಲ, ಪತ್ರಿಕಾ ಸಂಪಾದಕರೂ ಅಲ್ಲ. ಗುರುತು ಎಷ್ಟು ಸಲ ಸುಳ್ಳಾಗಿದೆಯೆಂದು ಬಲ್ಲ ಕಡಲಿನ ಜನ.

ನಮ್ಮ ದೇಶದ ಕಥೆ ಇನ್ನೊಂದು ಬಗೆಯದು. ‘ಸೈಕ್ಲೋನ್’ ಎಂಬ ಶಬ್ದವನ್ನು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲೋಕಕ್ಕೆ ಕೊಟ್ಟವನು ಕಲ್ಕತ್ತೆಯಲ್ಲಿದ್ದ ಹೆನ್ರಿ ಪಿಡಿಂಗ್ಟನ್. ಮಾತ್ಲಾ ನದಿಯ ದಡದಲ್ಲಿ ಹೊಸ ಬಂದರನ್ನು ಕಟ್ಟಬೇಕೆಂದು ಸರ್ಕಾರ ಹೊರಟಾಗ, ಅಲ್ಲಿಯ ಕಾಡನ್ನು ಕಡಿದರೆ ಒಂದಲ್ಲ ಒಂದು ದಿನ ಚಂಡಮಾರುತದ ಕಡಲುಬ್ಬರ ಬಂದು ಎಲ್ಲವನ್ನೂ ಬಳಿದೊಯ್ಯುವುದೆಂದು 1853ರಲ್ಲಿ ಅವನು ಗವರ್ನರ್ ಜನರಲ್ ಡಾಲ್‌ಹೌಸಿಗೆ ಬಹಿರಂಗ ಪತ್ರ ಬರೆದನು. ಹುಚ್ಚನ ಮಾತೆಂದು ಅದನ್ನು ಬದಿಗಿಟ್ಟು ಅಲ್ಲೇ ಕ್ಯಾನಿಂಗ್ ಎಂಬ ಬಂದರನ್ನು ಕಟ್ಟಿದರು. 1867ರಲ್ಲಿ ಅಲೆ ಬಂದಿತು, ಬಂದರು ಹೋಯಿತು. ಪಿಡಿಂಗ್ಟನ್ ಅಷ್ಟರೊಳಗೆ ತೀರಿಕೊಂಡಿದ್ದನು. ಇದರ ಮಧ್ಯೆ 1864ರ ಅಕ್ಟೋಬರಿನಲ್ಲಿ ಹೂಗ್ಲಿಯ ಬಾಯಿಯಿಂದ ನುಗ್ಗಿದ ನೀರು ಕಲ್ಕತ್ತೆಯ ಸುತ್ತ ಹತ್ತಾರು ಸಾವಿರ ಜನರನ್ನು ಬಲಿ ತೆಗೆದುಕೊಂಡಿತ್ತು. ಇಂಥ ದುರಂತಗಳ ಒತ್ತಡದಿಂದಲೇ 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಜನ್ಮ ತಾಳಿತು.

ಇಂದು ಆ ಇಲಾಖೆ ಸೂಚನೆಯನ್ನು ಹಂತ ಹಂತವಾಗಿ ಕೊಡುತ್ತದೆ: ಸುಮಾರು 72 ಗಂಟೆ ಮುಂಚೆ ಒಂದು ಮುನ್ನೆಚ್ಚರ, 48 ಗಂಟೆ ಮುಂಚೆ ಜಾಗ್ರತೆಯ ಕರೆ, 24 ಗಂಟೆ ಮುಂಚೆ ಸ್ಪಷ್ಟ ಎಚ್ಚರಿಕೆ, ಕಡೆಗೆ 12 ಗಂಟೆ ಇರುವಾಗ ಒಳನಾಡಿನ ಜಿಲ್ಲೆಗಳಿಗೆ ಏನಾಗಬಹುದೆಂಬ ವಿವರ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರು ಮುಟ್ಟುವವರೆಗೂ ಅದು ಚಂಡಮಾರುತವೇ ಅಲ್ಲ, ‘ವಾಯುಭಾರ ಕುಸಿತ’. ಮುಟ್ಟಿದ ಮೇಲೆ ಮೆಟ್ಟಿಲೇರಿ 222ನ್ನು ತಲುಪಿದರೆ ಮಾತ್ರ ಮಹಾಚಂಡಮಾರುತ. ಬಂಗಾಳ ಕೊಲ್ಲಿಯಲ್ಲಿ ಪ್ರತಿ ವರ್ಷ ಏಳುವ ಕುಸಿತಗಳಲ್ಲಿ ಬಹುಪಾಲು ಮೊದಲ ಮೆಟ್ಟಿಲಲ್ಲೇ ಕರಗಿಹೋಗುತ್ತವೆ. ಪ್ರತಿಯೊಂದು ಕುಸಿತವನ್ನೂ ಮಹಾಚಂಡಮಾರುತದ ಭ್ರೂಣವೆಂಬಂತೆ ಸಾರುವ ವಾರ್ತಾಸಂಸ್ಥೆ ಬಹುತೇಕ ಸಲ ಸುಳ್ಳಾಗುವುದು ಆಶ್ಚರ್ಯವಲ್ಲ. ಆದರೆ ಇನ್ನೊಂದು ಸೂಕ್ಷ್ಮವೂ ಉಂಟು. ಮೂರರಲ್ಲೊಂದು ಪಾಲು ಸಂಭವವಿರುವ ಅನಾಹುತದ ವಿಷಯದಲ್ಲಿ ಒಬ್ಬನು ಮೂರು ಸಲ ಎಚ್ಚರಿಸಿ ಎರಡು ಸಲ ‘ಸುಳ್ಳಾದರೆ’ ಅವನ ಲೆಕ್ಕ ತಪ್ಪಲಿಲ್ಲ, ಸರಿಯಾಗಿಯೇ ಬಂದಿತು. ಗಣಿತಕ್ಕೆ ಇದು ಸುಲಭ. ಮೂರು ಸಲ ಹಾಸಿಗೆ ಹೊತ್ತುಕೊಂಡು ಶಾಲೆಯ ಕಟ್ಟಡಕ್ಕೆ ಹೋಗಿ ಮಲಗಿ ಬಂದ ಮುದುಕಿಗೆ ಅಷ್ಟು ಸುಲಭವಲ್ಲ. (ವರ್ಷಾದಿಯಲ್ಲಿ ಮಳೆನಕ್ಷತ್ರಗಳ ಫಲವನ್ನು ಓದುವ ಪಂಚಾಂಗದವರನ್ನು ಯಾರೂ ಹೀಗೆ ಲೆಕ್ಕಕ್ಕೆ ಕರೆದುದಿಲ್ಲವೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು.)

ಶಾಸ್ತ್ರಜ್ಞರೇ ಅತಿ ಮಾಡುತ್ತಾರೆಂಬ ಆಪಾದನೆಯನ್ನು ಪರೀಕ್ಷಿಸುವುದಕ್ಕೆ 2013ರ ಅಕ್ಟೋಬರಿಗಿಂತ ಒಳ್ಳೆಯ ಸಂದರ್ಭ ಸಿಕ್ಕದು. ‘ಫೈಲಿನ್’ ಒಡಿಶಾದ ಕಡೆಗೆ ಬರುತ್ತಿದ್ದಾಗ ವಿದೇಶದ ಕೆಲವು ಸಂಸ್ಥೆಗಳೂ ಅಲ್ಲಿಯ ಪತ್ರಕರ್ತರೂ ಇದು 1999ರಲ್ಲಿ ಒಡಿಶಾವನ್ನು ಅಪ್ಪಳಿಸಿದ್ದಕ್ಕೆ ಸಮನಾದ ಮಹಾಚಂಡಮಾರುತವೆಂದೂ, ಭಾರತದ ಇಲಾಖೆ ಅದರ ಬಲವನ್ನು ಕಡಿಮೆ ಮಾಡಿ ಹೇಳುತ್ತಿದೆಯೆಂದೂ ಆಕ್ಷೇಪಿಸಿದರು. ಅಮೆರಿಕದವರು ಗಾಳಿಯ ವೇಗವನ್ನು ಒಂದು ನಿಮಿಷದ ಸರಾಸರಿಯಿಂದ ಅಳೆಯುತ್ತಾರೆ, ನಮ್ಮವರು ಮೂರು ನಿಮಿಷದ ಸರಾಸರಿಯಿಂದ. ಅಂಕಿಗಳ ಅಂತರಕ್ಕೆ ಅದೂ ಒಂದು ಕಾರಣ. ಇಲಾಖೆಯ ಆಗಿನ ಮಹಾನಿರ್ದೇಶಕರಾಗಿದ್ದ ಎಲ್. ಎಸ್. ರಾಠೋಡರೂ ಚಂಡಮಾರುತ ವಿಭಾಗದ ಮೃತ್ಯುಂಜಯ ಮಹಾಪಾತ್ರರೂ ತಮ್ಮ ಲೆಕ್ಕದಿಂದ ಕದಲಲಿಲ್ಲ. 12ರ ರಾತ್ರಿ ಗೋಪಾಲಪುರದ ಬಳಿ ಗಾಳಿ ದಡಕ್ಕೆ ಬಂದಾಗ ಅದರ ವೇಗ ಇಲಾಖೆ ಹೇಳಿದ್ದಕ್ಕೆ ಹತ್ತಿರವಾಗಿಯೇ ಇತ್ತು. ಇಲ್ಲಿ ಗಮನಿಸಬೇಕಾದ ವಿಶೇಷವೆಂದರೆ, ಅಧಿಕೃತ ಶಾಸ್ತ್ರ ಅಂದು ಎದುರಿಸಬೇಕಾಗಿ ಬಂದದ್ದು ಅತಿ ಮಾಡಿತೆಂಬ ದೂರನ್ನಲ್ಲ, ಸಾಲದಾಯಿತೆಂಬ ದೂರನ್ನು.

ಸುದ್ದಿಯವರ ಮೇಲಿನ ಆರೋಪವನ್ನು ಅಷ್ಟು ಬೇಗ ತಳ್ಳಿಹಾಕುವಂತಿಲ್ಲ. 2018ರಲ್ಲಿ ಅಮೆರಿಕದ ಕೆರೊಲಿನಾ ಪ್ರಾಂತದಲ್ಲಿ ‘ಫ್ಲಾರೆನ್ಸ್’ ಬೀಸುತ್ತಿದ್ದಾಗ ವರದಿಗಾರನೊಬ್ಬನು ಗಾಳಿಗೆ ಎದೆಗೊಟ್ಟು, ಕಾಲು ಕಿಸಿದು, ಬೀಳುವವನಂತೆ ತೂರಾಡುತ್ತ ಮಾತನಾಡುತ್ತಿರುವಾಗಲೇ ಅವನ ಹಿಂದೆ ಇಬ್ಬರು ಕೈಬೀಸಿಕೊಂಡು ಆರಾಮವಾಗಿ ನಡೆದುಹೋದ ದೃಶ್ಯವನ್ನು ಲೋಕವೇ ನೋಡಿ ನಕ್ಕಿತು. 2023ರ ಜೂನಿನಲ್ಲಿ ‘ಬಿಪರ್‌ಜಾಯ್’ ಗುಜರಾತಿನ ಕಡೆಗೆ ಸಾಗುತ್ತಿದ್ದಾಗ ನಮ್ಮ ಹಿಂದಿ ವಾಹಿನಿಯೊಂದರ ವಾರ್ತಾವಾಚಕಿ, ನಾಲ್ಕು ಗೋಡೆಗಳ ನಡುವೆ, ಕೊಡೆ ಹಿಡಿದು, ಹಿಂದಿನ ಪರದೆಯ ಮೇಲಿನ ಬಿರುಗಾಳಿಗೆ ತಾನೇ ಓಲಾಡಿ ತೋರಿಸಿದಳು. ನಾಟಕಕಲೆಯ ದೃಷ್ಟಿಯಿಂದ ಇವುಗಳಲ್ಲಿ ಯಾವುದು ಮೇಲೆಂಬುದನ್ನು ರಸಜ್ಞರು ನಿರ್ಣಯಿಸಲಿ. ನನಗೆ ಅದಕ್ಕಿಂತ ಹೆಚ್ಚಿನ ಚಿಂತೆಯನ್ನುಂಟುಮಾಡುವುದು ನಮ್ಮ ಭಾಷೆಗೆ ಆಗಿರುವ ಹಾನಿ. ಐದು ಸೆಂಟಿಮೀಟರು ಮಳೆಯಾದರೆ ‘ವರುಣನ ಆರ್ಭಟ’, ಒಂದು ಹಳ್ಳ ತುಂಬಿದರೆ ‘ಜಲಪ್ರಳಯ’, ರಸ್ತೆಯಲ್ಲಿ ಮೊಣಕಾಲು ನೀರು ನಿಂತರೆ ‘ಜನಜೀವನ ತತ್ತರ’. ಆರ್ಭಟ, ಪ್ರಳಯ, ರುದ್ರನರ್ತನಗಳೆಲ್ಲ ಸಾಧಾರಣ ಮುಂಗಾರಿಗೇ ವ್ಯಯವಾಗಿಹೋದ ಮೇಲೆ, ನಿಜವಾಗಿಯೂ ರುದ್ರವಾದದ್ದು ಬಂದ ದಿನ ಬೊಕ್ಕಸದಲ್ಲಿ ಒಂದು ಶಬ್ದವಾದರೂ ಉಳಿದಿರುವುದಿಲ್ಲ. ಬಣ್ಣಗಳ ಗತಿಯೂ ಅದೇ: ಹಸಿರು, ಹಳದಿ, ಕಿತ್ತಳೆ, ಕೆಂಪು ಎಂದು ಇಲಾಖೆ ಇಟ್ಟಿರುವ ಮಟ್ಟಗಳು ಆಡಳಿತದವರು ಎಷ್ಟರಮಟ್ಟಿಗೆ ಸಿದ್ಧರಾಗಿರಬೇಕೆಂಬುದನ್ನು ತಿಳಿಸುವುದಕ್ಕೆ, ವಾಹಿನಿಯ ಪರದೆಯೋ ವರ್ಷದ ಮುನ್ನೂರ ಅರುವತ್ತೈದು ದಿನವೂ ಕೆಂಪೇ.

ಇಷ್ಟಾದರೂ, ಸುದ್ದಿಯವರು ಉಬ್ಬಿಸುವುದು ಗಾಳಿಯ ಬಲವನ್ನೆಂಬುದಕ್ಕಿಂತ ಗಾಳಿಯ ಸ್ಥಳವನ್ನೆಂದರೆ ಹೆಚ್ಚು ಸರಿಯಾದೀತು. ಕ್ಯಾಮೆರಾಗಳು ಇರುವ ಕಡೆಗೇ ಚಂಡಮಾರುತ ಬರಬೇಕೆಂಬ ಒಂದು ಅಪೇಕ್ಷೆ ಅವರಲ್ಲಿ ಅಡಗಿದೆ. 2024ರ ನವೆಂಬರಿನ ಕೊನೆಯಲ್ಲಿ ‘ಫೆಂಗಲ್’ ಬಂದಾಗ ಎಲ್ಲರ ಕಣ್ಣೂ ಚೆನ್ನೈಯ ಮೇಲಿತ್ತು. ಒಂದೇ ದಿನದಲ್ಲಿ 48 ಸೆಂಟಿಮೀಟರಿನಷ್ಟು ಮಳೆ ಸುರಿದು ಮುಳುಗಿದ್ದು ಪುದುಚೇರಿ, ಆಮೇಲೆ ವಿಳುಪ್ಪುರಂ, ತಿರುವಣ್ಣಾಮಲೈ ಸೀಮೆಗಳು. ಮುನ್ಸೂಚನೆಯ ನಕ್ಷೆಯಲ್ಲಿ ಶಂಕುವಿನಂತೆ ಅಗಲವಾಗುತ್ತ ಹೋಗುವ ಆಕೃತಿ ಗಾಳಿಯ ಗಾತ್ರವನ್ನು ತೋರಿಸುವುದಿಲ್ಲ, ಅದರ ಕೇಂದ್ರ ಎಲ್ಲೆಲ್ಲಿ ಹಾಯಬಹುದೆಂಬ ಸಂದೇಹದ ವಿಸ್ತಾರವನ್ನು ತೋರಿಸುತ್ತದೆ. ಅದರೊಳಗಿನ ಒಂದು ದೊಡ್ಡ ಊರನ್ನು ಹಿಡಿದು, ಗಾಳಿ ಅಲ್ಲಿಗೇ ಬರುವುದೆಂದು ಸಾರುವುದು ಸಂದೇಹವನ್ನು ವಿಳಾಸವಾಗಿ ಮಾರ್ಪಡಿಸುವ ಕೆಲಸ.

ಇನ್ನು ಜನರ ವರ್ತನೆಯ ವಿಷಯ. ಇದರಲ್ಲಿ ಎಲ್ಲರ ಬಾಯಲ್ಲೂ ಇರುವ ಸಿದ್ಧಾಂತ ‘ತೋಳ ಬಂತು ತೋಳ’ದ ಕಥೆ: ಎರಡು ಸಲ ಸುಳ್ಳಾದರೆ ಮೂರನೆಯ ಸಲ ಯಾರೂ ನಂಬುವುದಿಲ್ಲ. ಇದಕ್ಕೆ ಅತ್ಯಂತ ಘೋರವಾದ ದೃಷ್ಟಾಂತವಾಗಿ 1970ರ ನವೆಂಬರ್ 12ರ ರಾತ್ರಿಯನ್ನು ಹೇಳುವುದುಂಟು. ಅಂದು ಪೂರ್ವ ಪಾಕಿಸ್ತಾನದ ಭೋಲಾ ಮೊದಲಾದ ದ್ವೀಪಗಳ ಮೇಲೆ ಕಡಲು ಏರಿ ಬಂದು ಮೂರು ಲಕ್ಷಕ್ಕೆ ಕಡಿಮೆಯಿಲ್ಲದಷ್ಟು ಜನರನ್ನು ಕೊಂದಿತು. ಹಿಂದಿನ ತಿಂಗಳಷ್ಟೇ ದೊಡ್ಡದೆಂದು ಸಾರಿದ್ದ ಗಾಳಿಯೊಂದು ಅಷ್ಟು ದೊಡ್ಡದಾಗಿರಲಿಲ್ಲ. ಆದಕಾರಣ ಈ ಸಲ ರೇಡಿಯೋ ಕೇಳಿದವರು ಉದಾಸೀನರಾದರೆಂಬುದು ವಿವರಣೆ. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಮರುವರ್ಷ ಅಲ್ಲಿ ವಿಚಾರಣೆ ಮಾಡಿದವರು ಕಂಡುಕೊಂಡದ್ದನ್ನು ನೋಡಿರಿ: ಗಾಳಿ ಬರುತ್ತಿದೆಯೆಂಬ ಸಂಗತಿ ನೂರಕ್ಕೆ ತೊಂಬತ್ತು ಜನರಿಗೆ ತಿಳಿದಿತ್ತು, ಭದ್ರವಾದ ಕಟ್ಟಡವನ್ನು ಸೇರಿದವರು ನೂರಕ್ಕೆ ಒಬ್ಬರಂತೆ. ಉಳಿದವರು ನಂಬಲಿಲ್ಲವೆಂದು ಹೇಳುವ ಮೊದಲು, ಆ ಮಣ್ಣಿನ ದ್ವೀಪಗಳಲ್ಲಿ ಸೇರುವುದಕ್ಕೆ ಭದ್ರವಾದ ಕಟ್ಟಡಗಳು ಎಷ್ಟಿದ್ದವೆಂದು ಕೇಳಬೇಕಲ್ಲವೆ? ತೋಳದ ಕಥೆಯಲ್ಲಿ ಓಡಿಬರುವ ಹಳ್ಳಿಗರಿದ್ದಾರೆ. ಭೋಲಾದಲ್ಲಿ ಓಡಿಹೋಗಲು ಸ್ಥಳವೇ ಇರಲಿಲ್ಲ.

ವಿದ್ವಾಂಸರ ಅಧ್ಯಯನಗಳೂ ಈ ಕಥೆಗೆ ಏಕಕಂಠದ ಸಾಕ್ಷಿ ಹೇಳುವುದಿಲ್ಲ. ಅಮೆರಿಕದ ಸುಂಟರಗಾಳಿಗಳ ಎಚ್ಚರಿಕೆಯಲ್ಲಿ ಹಿಂದೆ ನಾಲ್ಕರಲ್ಲಿ ಮೂರು ಹುಸಿಯಾಗುತ್ತಿದ್ದವು. ಹುಸಿಯ ಪ್ರಮಾಣ ಹೆಚ್ಚಿರುವ ಪ್ರದೇಶಗಳಲ್ಲಿ ಸಾವುನೋವುಗಳೂ ಹೆಚ್ಚೆಂದು ಸಿಮನ್ಸ್ ಮತ್ತು ಸಟರ್ ಎಂಬಿಬ್ಬರು 2009ರಲ್ಲಿ ತೋರಿಸಿದರು. ಅದಕ್ಕೆ ಹಿಂದೆ, 1996ರಲ್ಲಿ ದಕ್ಷಿಣ ಕೆರೊಲಿನಾದ ಜನರು ‘ಬರ್ತಾ’ ಮತ್ತು ‘ಫ್ರಾನ್’ ಎಂಬ ಎರಡು ಗಾಳಿಗಳ ನಿಮಿತ್ತ ಮನೆ ಬಿಡಬೇಕೆಂಬ ಆಜ್ಞೆಯನ್ನು ಎರಡು ಸಲವೂ ಕೇಳಿ, ಎರಡೂ ತಮ್ಮನ್ನು ಬಿಟ್ಟು ಉತ್ತರಕ್ಕೆ ಹೋದದ್ದನ್ನು ಕಂಡಿದ್ದರು. ಅವರನ್ನು ಪ್ರಶ್ನಿಸಿದ ಡೌ ಮತ್ತು ಕಟರ್ ಎಂಬ ಭೂಗೋಳಶಾಸ್ತ್ರಜ್ಞೆಯರಿಗೆ, ಮೊದಲನೆಯದು ಹುಸಿಯಾದದ್ದರಿಂದ ಎರಡನೆಯದರಲ್ಲಿ ಮನೆಯಲ್ಲೇ ಉಳಿದೆವೆಂದವರು ಬಹಳ ಸಿಕ್ಕಲಿಲ್ಲ. ಎರಡು ನಿಮಿಷಗಳಲ್ಲಿ ಬಂದು ಹೋಗುವ ಸುಂಟರಗಾಳಿಯೂ ನಾಲ್ಕು ದಿನ ಕಣ್ಣಿಗೆ ಕಾಣುತ್ತ ಬರುವ ಚಂಡಮಾರುತವೂ ಮನಸ್ಸಿನ ಮೇಲೆ ಒಂದೇ ರೀತಿ ಕೆಲಸ ಮಾಡುವುದಿಲ್ಲವೆಂದು ಇದರಿಂದ ನಾನು ತಿಳಿಯುತ್ತೇನೆ. ಗಾಳಿ ಬಂದೇ ಬರಬೇಕೆಂದು ಸಾಮಾನ್ಯ ಮನುಷ್ಯ ಹಟ ಹಿಡಿಯುವುದಿಲ್ಲ. ಏಕೆ ಬರಲಿಲ್ಲವೆಂದು ಯಾರಾದರೂ ಅವನಿಗೆ ತಿಳಿಸಿದರೆ ಕ್ಷಮಿಸುತ್ತಾನೆ.

ಎಚ್ಚರಿಕೆಗೆ ತೆರಬೇಕಾದ ಬೆಲೆಯೇನೂ ಇಲ್ಲವೆಂದು ಮಾತ್ರ ಯಾರೂ ಹೇಳಬಾರದು. 2005ರ ಆಗಸ್ಟಿನಲ್ಲಿ ‘ಕತ್ರಿನಾ’ ನ್ಯೂ ಆರ್ಲಿಯನ್ಸನ್ನು ಸಮೀಪಿಸುತ್ತಿದ್ದಾಗ ಅಲ್ಲಿಯ ಹವಾಮಾನ ಕಚೇರಿ ಹೊರಡಿಸಿದ ಪ್ರಕಟನೆ ಎಷ್ಟು ಭಯಂಕರವಾಗಿತ್ತೆಂದರೆ, ಕೆಲವು ಸುದ್ದಿಗಾರರೇ ಇದು ಯಾರೋ ಮಾಡಿದ ಕುಚೇಷ್ಟೆಯಿರಬೇಕೆಂದು ಶಂಕಿಸಿದರು. ಮರುದಿನ ಅದರಲ್ಲಿದ್ದುದು ಬಹುಮಟ್ಟಿಗೆ ನಿಜವಾಯಿತು. ಅದನ್ನು ಕಣ್ಣಾರೆ ಕಂಡಿದ್ದ ಟೆಕ್ಸಸಿನವರು ಮೂರೇ ವಾರಗಳ ಮೇಲೆ ‘ರೀಟಾ’ ಬರುವಳೆಂದಾಗ ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಮಂದಿ ಏಕಕಾಲಕ್ಕೆ ರಸ್ತೆಗಿಳಿದರು. ಸುಡುಬಿಸಿಲಲ್ಲಿ, ನಿಂತಲ್ಲೇ ನಿಂತ ವಾಹನಗಳಲ್ಲಿ, ಬೆಂಕಿ ಹತ್ತಿದ ಬಸ್ಸೊಂದರಲ್ಲಿ ಸತ್ತವರ ಸಂಖ್ಯೆ ಆ ಗಾಳಿಗೆ ನೇರವಾಗಿ ಸಿಕ್ಕಿ ಸತ್ತವರಿಗಿಂತ ಹೆಚ್ಚು. ನಮ್ಮಲ್ಲಿ 2019ರ ಜೂನಿನಲ್ಲಿ ‘ವಾಯು’ ವೇರಾವಲದ ಕಡೆಗೆ ಬರುತ್ತದೆಂದು ಸುಮಾರು ಮೂರು ಲಕ್ಷ ಜನರನ್ನು ಸಾಗಿಸಿದರು. ಅದು ದಡದ ಹತ್ತಿರಕ್ಕೆ ಬಂದು ಮುಖ ತಿರುಗಿಸಿಕೊಂಡು ಹೋಯಿತು. ಕೇರಳದಲ್ಲಿ 2020ರ ಡಿಸೆಂಬರಿನಲ್ಲಿ ‘ಬುರೇವಿ’ಯ ಸಲುವಾಗಿ ದಕ್ಷಿಣದ ಜಿಲ್ಲೆಗಳಿಗೆ ರಜೆ ಸಾರಿ, ತಿರುವನಂತಪುರದ ವಿಮಾನನಿಲ್ದಾಣವನ್ನೂ ಮುಚ್ಚಿ ಕಾದರು; ಅದು ರಾಮನಾಥಪುರದ ಹತ್ತಿರವೇ ಸೊರಗಿಹೋಯಿತು. ಕೇರಳ ಹಾಗೇಕೆ ಮಾಡಿತೆಂಬುದನ್ನು ತಿಳಿಯಬೇಕಾದರೆ ಮೂರು ವರ್ಷ ಹಿಂದಕ್ಕೆ, 2017ರ ನವೆಂಬರ್ 30ಕ್ಕೆ ಹೋಗಬೇಕು. ಅಂದು ಒಂದು ಹಗಲಿನಲ್ಲಿ ಬಲಿತು ಚಂಡಮಾರುತವಾದ ‘ಒಖಿ’ಯ ಸುದ್ದಿ ಹೊರಬೀಳುವಾಗ ಕನ್ಯಾಕುಮಾರಿಯ ಮತ್ತು ತಿರುವನಂತಪುರದ ಎಷ್ಟೋ ಮೀನುಗಾರರು ದಿನಗಟ್ಟಲೆ ಮುಂಚೆಯೇ ಆಳಸಮುದ್ರಕ್ಕೆ ಹೋಗಿಬಿಟ್ಟಿದ್ದರು, ಅವರನ್ನು ಮುಟ್ಟುವ ಸಾಧನವಾವುದೂ ಇರಲಿಲ್ಲ, ನೂರಾರು ಮನೆಗಳಿಗೆ ಗಂಡಸರು ಹಿಂತಿರುಗಲಿಲ್ಲ. ಹೀಗೆ ಸುಟ್ಟುಕೊಂಡ ಆಡಳಿತ ಮುಂದಿನ ಹತ್ತು ವರ್ಷ ಮಜ್ಜಿಗೆಯನ್ನೂ ಊದಿ ಕುಡಿಯುತ್ತದೆ. ಸೂಚಿಸಿದ್ದು ಬಾರದಿದ್ದರೆ ಅಧಿಕಾರಿಗೆ ನಗೆಪಾಟಲು. ಸೂಚಿಸದೆ ಬಂದರೆ ವಿಚಾರಣಾ ಆಯೋಗ. ಎರಡರಲ್ಲಿ ಯಾವುದನ್ನು ಆರಿಸಿಕೊಳ್ಳುವರೆಂಬುದು ಗೂಢವಲ್ಲ.

ನಮ್ಮ ಕರಾವಳಿಯ ಮಾತನ್ನೂ ಇಲ್ಲಿ ಆಡಬೇಕು. ಅರಬ್ಬೀ ಸಮುದ್ರ ಬಹುಕಾಲ ಬಂಗಾಳ ಕೊಲ್ಲಿಯ ಸಾಧುವಾದ ತಮ್ಮನಂತೆ ಇದ್ದಿತು. ಏಳುವ ಗಾಳಿಗಳೂ ಬಹುಮಟ್ಟಿಗೆ ಓಮಾನಿನ ಕಡೆಗೋ ಗುಜರಾತಿನ ಕಡೆಗೋ ಹೋಗಿ ನಮ್ಮನ್ನು ಬಿಡುತ್ತಿದ್ದವು, ಈಗಲೂ ಬಿಡುತ್ತವೆ. 2019ರ ‘ಕ್ಯಾರ್’ ಮಹಾಚಂಡಮಾರುತವಾಗಿ ಬೆಳೆದದ್ದು ನಮ್ಮ ಎದುರಿನ ಕಡಲಿನಲ್ಲೇ ಆದರೂ ಅದು ಪಶ್ಚಿಮಕ್ಕೆ ಹೊರಟುಹೋಯಿತು. ಅದರ ಏಟಿಗೆ ಅಂಜಿ ಬೇರೆ ಬೇರೆ ರಾಜ್ಯಗಳ ಬೋಟುಗಳು ಕಾರವಾರದ ಬಂದರಿನಲ್ಲಿ ಒತ್ತೊತ್ತಾಗಿ ಲಂಗರು ಹಾಕಿದ್ದವು. ಹೀಗೆ ಸದಾ ತಪ್ಪಿಸಿಕೊಂಡು ಬಂದವರಲ್ಲಿ ಒಂದು ಬಗೆಯ ಲಘುತ್ವ ಬೆಳೆದರೆ ಅಚ್ಚರಿಯಿಲ್ಲ. ರಾತ್ರಿ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುವುದು, ಬೆಳಗಾದರೆ ಚುರುಕಾದ ಬಿಸಿಲು ಬೀಳುವುದು, ಮಕ್ಕಳು ಆ ಬಿಸಿಲಲ್ಲಿ ಕ್ರಿಕೆಟ್ಟಾಡುವುದು, ಇದು ಮಂಗಳೂರು ಉಡುಪಿಗಳಲ್ಲಿ ಪ್ರತಿ ಮಳೆಗಾಲದ ವಿನೋದ. ಆದರೆ ಮಲ್ಪೆಯ ದಕ್ಕೆಯ ಮೇಲೆ ನಿಂತ, ದೋಣಿ ನಡೆಸುವ ತಾಂಡೇಲನಿಗೆ ಅದು ವಿನೋದವಲ್ಲ. ಡೀಸೆಲು ತುಂಬಿಸಿ, ಮಂಜುಗಡ್ಡೆ ಹೇರಿಸಿ, ಕಲಾಸಿಗಳಿಗೆ ಮುಂಗಡ ಕೊಟ್ಟಾದ ಮೇಲೆ ‘ತೂಫಾನು ಉಂಟು, ಇಳಿಯಬಾರದು’ ಎಂದರೆ ಒಂದೊಂದು ದಿನದ ನಷ್ಟವೂ ಅವನ ಲೆಕ್ಕಕ್ಕೆ ಬೀಳುತ್ತದೆ. ಫಿಟ್ಜ್‌ರಾಯ್‌ನ ಕಾಲದ ದೋಣಿಯೊಡೆಯರ ಸಿಡುಕಿಗೂ ಇವನದಕ್ಕೂ ಹೆಚ್ಚು ಭೇದವಿಲ್ಲ. 2021ರ ಮೇ ತಿಂಗಳಲ್ಲಿ ‘ತೌಕ್ತೆ’ 15, 16ನೆಯ ತಾರೀಖುಗಳಂದು ನಮ್ಮ ತೀರಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಹಾದು, ಉಳ್ಳಾಲ ಸೋಮೇಶ್ವರಗಳ ದಡದ ಮನೆಗಳನ್ನು ಕೊರೆದು, ಟಗ್ಗೊಂದನ್ನು ಮಗುಚಿಹಾಕಿ, ಮತ್ತೊಂದನ್ನು ಕಾಪುವಿನ ಆಚೆಯ ಬಂಡೆಗಳ ನಡುವೆ ಸಿಕ್ಕಿಸಿತು. ಅದರಲ್ಲಿದ್ದ 9 ಮಂದಿಯನ್ನು ನೌಕಾಪಡೆಯವರೂ ತಟರಕ್ಷಣಾ ಪಡೆಯವರೂ ಪ್ರಾಣದ ಹಂಗು ತೊರೆದು ಕಾಪಾಡಿದರು. ಅದೇ ಗಾಳಿ ಮುಂದೆ ಮುಂಬಯಿಯ ಎದುರಿನ ತೈಲಕ್ಷೇತ್ರದಲ್ಲಿ ‘ಪಿ-305’ ಎಂಬ ಬಾರ್ಜನ್ನು ಮುಳುಗಿಸಿ ಎಪ್ಪತ್ತರಷ್ಟು ಜನರ ಪ್ರಾಣ ತೆಗೆಯಿತು. ಸೂಚನೆ ದಿನಗಳ ಮುಂಚೆಯೇ ಬಂದಿತ್ತು. ಅದನ್ನು ಓದಿದವರು ಅಕ್ಷರ ಬಾರದವರಲ್ಲ.

ಜನರು ಮನೆ ಬಿಡದಿರುವುದಕ್ಕೆ ಕಾರಣ ಹುಡುಕುವವರು ಬಹಳ ಸಲ ಅವರ ಅಜ್ಞಾನವನ್ನೋ ದೈವನಂಬಿಕೆಯನ್ನೋ ಕೈತೋರಿಸುತ್ತಾರೆ. ಹತ್ತಿರ ಹೋಗಿ ಕೇಳಿದರೆ ಸಿಕ್ಕುವ ಕಾರಣಗಳು ಬೇರೆ: ಕಟ್ಟಿದ ಹಸುವನ್ನು ಯಾರು ನೋಡುವರು? ಬೀಗ ಒಡೆದು ಪಾತ್ರೆಪಡಗ ಹೊತ್ತೊಯ್ದರೆ? ಆಶ್ರಯದ ಕಟ್ಟಡದಲ್ಲಿ ಗಂಡಸರ ನಡುವೆ ಹೆಣ್ಣುಮಕ್ಕಳು ಮಲಗುವುದು ಹೇಗೆ, ಶೌಚಕ್ಕೆ ಹೋಗುವುದೆಲ್ಲಿಗೆ? 1991ರ ಏಪ್ರಿಲಿನಲ್ಲಿ ಬಾಂಗ್ಲಾದೇಶದಲ್ಲಿ ಸತ್ತ ಲಕ್ಷಕ್ಕೂ ಹೆಚ್ಚು ಜನರಲ್ಲಿ ಗಂಡಸರಿಗಿಂತ ಹೆಂಗಸರು ಬಹಳ ಹೆಚ್ಚಾಗಿದ್ದುದಕ್ಕೆ ಈ ಕೊನೆಯ ಪ್ರಶ್ನೆಯೂ ಒಂದು ಕಾರಣ. ವಾಹಿನಿಯ ದನಿ ಇನ್ನೂ ಹತ್ತು ಪಟ್ಟು ಏರಿದರೂ ಈ ಪ್ರಶ್ನೆಗಳಲ್ಲಿ ಒಂದಕ್ಕೂ ಉತ್ತರವಾಗುವುದಿಲ್ಲ.

ಉತ್ತರ ಹುಡುಕಿದವರು ಒಡಿಶಾದವರು ಮತ್ತು ಬಾಂಗ್ಲಾದೇಶದವರು. 1999ರ ಅಕ್ಟೋಬರ್ 29ರ ಮಹಾಚಂಡಮಾರುತದಲ್ಲಿ ಜಗತ್‌ಸಿಂಗಪುರದ ಎರ್ಸಮಾ ಸೀಮೆಯಲ್ಲಿ ಕಡಲು ಮೈಲುಗಟ್ಟಲೆ ಒಳನುಗ್ಗಿ, ರಾಜ್ಯದಲ್ಲಿ ಒಟ್ಟು ಹತ್ತು ಸಾವಿರದಷ್ಟು ಜನ ತೀರಿಕೊಂಡರು. ಅಂದೂ ಎಚ್ಚರಿಕೆ ಇತ್ತು. ಅನಂತರದ ಎರಡು ದಶಕಗಳಲ್ಲಿ ಅಲ್ಲಿ ವಿಪತ್ತಿನ ನಿರ್ವಹಣೆಗೆಂದೇ ಪ್ರತ್ಯೇಕ ಪ್ರಾಧಿಕಾರವೊಂದು ಏರ್ಪಟ್ಟಿತು. ಎಂಟುನೂರಕ್ಕೂ ಹೆಚ್ಚು ಆಶ್ರಯಮಂದಿರಗಳು ಕಂಬಗಳ ಮೇಲೆ ಎದ್ದು ನಿಂತವು. ಹಳ್ಳಿ ಹಳ್ಳಿಯಲ್ಲಿ ಅದೇ ಹಳ್ಳಿಯ ಹುಡುಗರನ್ನೂ ಹೆಂಗಸರನ್ನೂ ಆರಿಸಿ ತರಬೇತು ಕೊಟ್ಟರು. ಫೈಲಿನ್ನಿನಲ್ಲಿ ಸುಮಾರು ಹತ್ತು ಲಕ್ಷ ಜನ ಮನೆ ಬಿಟ್ಟರು, ಒಡಿಶಾದಲ್ಲಿ ಸತ್ತವರು ಐವತ್ತನ್ನು ಮುಟ್ಟಲಿಲ್ಲ. 2019ರ ಮೇ 3ರಂದು ಪುರಿಗೆ ಅಪ್ಪಳಿಸಿದ ‘ಫನಿ’ಯ ವೇಳೆಗೆ ಹನ್ನೆರಡು ಲಕ್ಷ ಜನರನ್ನು ಸಾಗಿಸಲಾಗಿತ್ತು, ಲಕ್ಷಗಟ್ಟಲೆ ಸಂದೇಶಗಳು ಮೊಬೈಲುಗಳಿಗೆ ಹೋಗಿದ್ದವು, ದಡದ ಸೈರನ್ನುಗಳು ಕೂಗಿದ್ದವು, ಆದರೆ ಕಡೆಗೆ ಬಾಗಿಲು ತಟ್ಟಿದವನು ಪಕ್ಕದ ಮನೆಯ ಹುಡುಗ. ಬಾಂಗ್ಲಾದೇಶವೂ 1970ರ ಅನಂತರ ಇದೇ ದಾರಿ ಹಿಡಿದು, ಸ್ವಯಂಸೇವಕರ ಕೈಗೆ ಬಾವುಟವನ್ನೂ ತುತ್ತೂರಿಯನ್ನೂ ಕೊಟ್ಟಿತು. 2007ರ ‘ಸಿಡ್ರ್’ನಲ್ಲಿ ಸತ್ತವರು ಮೂರು ಸಾವಿರದ ಆಸುಪಾಸು, ಅದೂ ದೊಡ್ಡ ಸಂಖ್ಯೆಯೇ, ಆದರೆ ಭೋಲಾದ ನೂರನೆಯ ಒಂದು ಪಾಲು. ಜನರು ಅತಿಶಯದ ಮಾತಿಗೆ ಕದಲುವುದಿಲ್ಲ, ಗುರುತಿರುವ ಮುಖಕ್ಕೆ ಕದಲುತ್ತಾರೆಂಬುದು ಈ ಸಮೀಕ್ಷೆಯಲ್ಲಿ ನನಗೆ ಸಂದೇಹಕ್ಕೆಡೆಯಿಲ್ಲದೆ ಕಂಡಿರುವ ಸಂಗತಿ.

ಇಂಥ ಏರ್ಪಾಡು ಇಲ್ಲದ ಕಡೆ ಜನ ತಮ್ಮ ನೆನಪನ್ನೇ ಅವಲಂಬಿಸುತ್ತಾರೆ. 2024ರ ಅಕ್ಟೋಬರ್ ಮಧ್ಯದಲ್ಲಿ ಚೆನ್ನೈಗೆ ಕೆಂಪು ಸೂಚನೆ ಬಂದಾಗ ವೇಳಚ್ಚೇರಿಯ ನಿವಾಸಿಗಳು ತಮ್ಮ ಕಾರುಗಳನ್ನೆಲ್ಲ ಒಯ್ದು ಮೇಲ್ಸೇತುವೆಯ ಮೇಲೆ ಸಾಲಾಗಿ ನಿಲ್ಲಿಸಿದರು. 2015ರಲ್ಲೂ 2023ರಲ್ಲೂ ಅವರ ಅಂಗಳದಲ್ಲಿ ಕಾರುಗಳು ತೇಲಿದ್ದವು. ಮರುದಿನ ಆ ವಾಯುಭಾರ ಕುಸಿತ ಉತ್ತರಕ್ಕೆ ಸರಿದು ಚೆನ್ನೈಯಲ್ಲಿ ಹೇಳಿಕೊಳ್ಳುವಂಥ ಮಳೆಯೇ ಆಗಲಿಲ್ಲ. ಕಾರುಗಳ ಚಿತ್ರಗಳನ್ನು ನೋಡಿ ದೇಶ ನಕ್ಕಿತು. ಅದೇ ಕುಸಿತದ ಅಂಚಿನ ಮೋಡಗಳು ಬೆಂಗಳೂರಿನ ಮೇಲೆ ಸುರಿದು, ತಂತ್ರಾಂಶದ ದೊಡ್ಡ ಪಾರ್ಕೊಂದು ಕೆರೆಯಾಗಿ, ಶಾಲೆಗಳಿಗೆ ರಜೆ ಕೊಡಬೇಕಾಯಿತು. ಚೆನ್ನೈಯ ಗೃಹಸ್ಥನು ಮಾಡಿದ್ದರಲ್ಲಿ ನನಗೆ ನಗುವಂಥದೇನೂ ಕಾಣುವುದಿಲ್ಲ. ಅವನು ಯಾವ ವಾಹಿನಿಯ ಅಬ್ಬರಕ್ಕೂ ಬೆದರಲಿಲ್ಲ. ಸಂಭವವೆಷ್ಟು, ನಷ್ಟವೆಷ್ಟು, ಸೇತುವೆಯವರೆಗೆ ಹೋಗಿ ಬರುವ ಶ್ರಮವೆಷ್ಟು ಎಂದು ತೂಗಿ ನೋಡಿ ನಡೆದುಕೊಂಡನು.

ಆದುದರಿಂದ ಪತ್ರಿಕೆಯವರಲ್ಲಿಯೂ ವಾಹಿನಿಯವರಲ್ಲಿಯೂ ನನ್ನ ವಿನಂತಿ ಬಹಳ ಸಣ್ಣದು. ದನಿಯನ್ನು ತಗ್ಗಿಸಿರೆಂದು ಕೇಳುವುದು ವ್ಯರ್ಥವೆಂದು ಬಲ್ಲೆನಾದ್ದರಿಂದ ಅದನ್ನು ಕೇಳುವುದಿಲ್ಲ. ಇಲಾಖೆಯ ಪ್ರಕಟನೆಯಲ್ಲಿರುವ ‘ಬಹುಶಃ’ವನ್ನು ಅಳಿಸದೆ ಓದಿರಿ, ಊರಿನ ಹೆಸರನ್ನೂ ಗಂಟೆಯನ್ನೂ ಬಾಗಿಲು ತೆರೆದಿರುವ ಆಶ್ರಯದ ಕಟ್ಟಡದ ಗುರುತನ್ನೂ ಹೇಳಿರಿ, ಮತ್ತು ಗಾಳಿ ಮುಂಬಯಿಯನ್ನೋ ಚೆನ್ನೈಯನ್ನೋ ಬಿಟ್ಟುಹೋದ ಮರುದಿನ, ಅದು ಹೋದ ಊರಿಗೆ ಒಬ್ಬ ವರದಿಗಾರನನ್ನು ಕಳುಹಿಸಿರಿ.